ವಿಭೂತಿ ಅಂಗಡಿ ಮರಿಸ್ವಾಮಿಯ ಗಾಳ

ಚನ್ನಪಟ್ಟಣದ ಪೇಟೆ ಬೀದಿಯಲ್ಲಿ ವೀರಭದ್ರಯ್ಯನವರ ವಿಭೂತಿ ಅಂಗಡಿ ಗೊತ್ತಿಲ್ಲದವರಿರಲಿಲ್ಲ. ವಿಭೂತಿ ಗಟ್ಟಿ, ಕರ್ಪೂರ, ಊದುಬತ್ತಿ, ಸಾಂಬ್ರಾಣಿ, ರುದ್ರಾಕ್ಷಿ, ಶಿವದಾರ, ಮದುವೆ ಮನೆಯ ಅರಿಸಿನ ಕುಂಕುಮದಿಂದ ಹಿಡಿದು ಸಾವಿನ ಮನೆಯ ಸಾಮಾನಿನವರೆಗೆ ಎಲ್ಲವೂ ಅಲ್ಲಿ ಸಿಗುತ್ತಿತ್ತು. ಅಂಗಡಿಯ ಮುಂದೆ ಹಾದುಹೋಗುವವರು ಒಂದು ಗಳಿಗೆ ನಿಂತು ಕೈ ಮುಗಿಯುತ್ತಿದ್ದರು. ಅದು ಗೋಡೆಯ ಮೇಲಿದ್ದ ಶಿವನ ಪಟಕ್ಕೋ, ಅದರ ಕೆಳಗೆ ಹಣೆತುಂಬ ವಿಭೂತಿ ಧರಿಸಿ ಕೂತಿರುತ್ತಿದ್ದ ವೀರಭದ್ರಯ್ಯನವರಿಗೋ ಹೇಳುವುದು ಕಷ್ಟ.

ಅವರಿಗೆ ಒಬ್ಬನೇ ಮಗ, ಮರಿಸ್ವಾಮಿ. ಅಪ್ಪ ಹಾಕಿದ ಗೆರೆ ದಾಟಿದವನಲ್ಲ. ಮಿಡ್ಲ್ ಸ್ಕೂಲು ಮುಗಿಯುತ್ತಲೇ ‘ಓದಿದ್ದು ಸಾಕು, ಅಂಗಡಿಗೆ ಬಾ’ ಎಂದರು, ಬಂದ. ‘ಕೂತ್ಕೋ’ ಎಂದಲ್ಲಿ ಕೂತ, ‘ತೂಗು’ ಎಂದದ್ದನ್ನು ತೂಗಿದ. ಬೀದಿಯ ಹೆಂಗಸರು ತಮ್ಮ ಮಕ್ಕಳನ್ನು ಬೈಯುವಾಗ ‘ಮರಿಸ್ವಾಮಿನ ನೋಡಿ ಕಲೀರಿ’ ಎನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಮರಿಸ್ವಾಮಿಗೆ ಖುಷಿಯಾಗುವ ಬದಲು ಯಾಕೋ ಮೈಯೆಲ್ಲ ಭಾರವಾದಂತಾಗುತ್ತಿತ್ತು.

ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷವಾಗಿದ್ದ ಕಾಲ. ಕೂಟಗಲ್ಲಿನಲ್ಲಿದ್ದ ಸೋದರತ್ತೆಯ ಮನೆಯಲ್ಲಿ ಗೃಹಪ್ರವೇಶವಿತ್ತು. ಪೂಜೆಯ ಸಾಮಾನಿನ ಗಂಟನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋದ ಮರಿಸ್ವಾಮಿ ಅದನ್ನು ಒಪ್ಪಿಸಿ, ಊಟಕ್ಕೆ ಇನ್ನೂ ಹೊತ್ತಿದೆಯೆಂದು ಕೆರೆಯ ಕಡೆ ನಡೆದ. ಏರಿಯ ಕೆಳಗೆ ಹೊಂಗೆ ಮರದ ನೆರಳಲ್ಲಿ ಒಬ್ಬ ಮುದುಕ ಕೂತಿದ್ದ. ಅವನ ಮುಂದೆ ಕೆಲವು ಬಿದಿರು ಕಡ್ಡಿಗಳು ಕೆಸರಿನಲ್ಲಿ ನೆಟ್ಟಿದ್ದವು. ಒಂದೊಂದರ ತುದಿಯಿಂದಲೂ ಒಂದು ದಾರ ನೀರಿಗೆ ಇಳಿದಿತ್ತು. ದಾರ ನೀರು ಸೇರುವ ಕಡೆ ನವಿಲುಗರಿಯ ದಂಟಿನ ತುಂಡೊಂದು ಬೆಂಡಿನ ಹಾಗೆ ತೇಲುತ್ತಿತ್ತು. ಮುದುಕ ಏನೂ ಮಾಡುತ್ತಿರಲಿಲ್ಲ. ಬಲೆ ಬೀಸುವವರಂತೆ ಎಸೆಯುವುದಿಲ್ಲ, ಎಳೆಯುವುದಿಲ್ಲ, ಕೂಗಾಡುವುದಿಲ್ಲ. ಕಡ್ಡಿ ನೆಟ್ಟಲ್ಲೇ ಇತ್ತು, ದಾರ ಬಿಟ್ಟಲ್ಲೇ ಇತ್ತು, ಅವನು ಕೂತಲ್ಲೇ ಇದ್ದ.

ಹೀಗೆ ಸುಮ್ಮನೆ ಕೂರುವುದೂ ಒಂದು ಕೆಲಸವೇ ಎಂದು ಮರಿಸ್ವಾಮಿ ನೋಡುತ್ತ ನಿಂತ. ಮುದುಕ ತಿರುಗಿ ನೋಡಿ, ಹಣೆಯ ಮೇಲಿನ ವಿಭೂತಿ ಕಂಡು ಅರ್ಧ ಎದ್ದು ಕೂತ.

“ಸಾಮಿ, ಯಾರ ಮನೆಗೆ ಬಂದಿದ್ರಿ?”

ಮರಿಸ್ವಾಮಿ ಹೇಳಿದ.

“ಹಂಗಾರೆ ಒಂದು ಉಪ್ಕಾರ ಮಾಡಿ. ಒಸಿ ಈ ಕಡ್ಡಿ ಕಡೆ ನೋಡ್ತಾ ಇರಿ, ಊರೊಳಕ್ಕೋಗಿ ಬೀಡಿ ತಕ್ಕಂಡ್ ಬತ್ತೀನಿ. ಬೆಂಡು ಅಲ್ಲಾಡಿದ್ರೆ ಮುಟ್ಬ್ಯಾಡಿ, ಅದು ಬರೀ ಮೂಸಿ ನೋಡ್ತಿರ್ತದೆ. ಪೂರಾ ಮುಳುಗ್ತು ಅಂದ್ರೆ ಎಳೀರಿ.”

‘ನನ್ನ ಕೈಲಿ ಆಗಲ್ಲ, ನಾವು ಲಿಂಗವಂತರು’ ಎಂದು ಹೇಳಬೇಕೆಂದು ಮರಿಸ್ವಾಮಿ ಬಾಯಿ ತೆರೆಯುವ ಹೊತ್ತಿಗೆ ಮುದುಕ ಏರಿ ಹತ್ತಿಯಾಗಿತ್ತು.

ಬೆಂಡು ಅಲ್ಲಾಡಿತು. ನಿಂತಿತು. ಮತ್ತೆ ಅಲ್ಲಾಡಿತು. ಮರಿಸ್ವಾಮಿಗೆ ತಾನು ಯಾವಾಗ ಕಡ್ಡಿಯ ಹತ್ತಿರ ಕುಕ್ಕರಗಾಲಲ್ಲಿ ಕೂತೆನೆಂದು ತಿಳಿಯಲಿಲ್ಲ. ಬೆಂಡು ಸರಕ್ಕನೆ ಮುಳುಗಿದಾಗ ಕೈ ತಾನಾಗಿ ಕಡ್ಡಿಯನ್ನು ಕಿತ್ತುಕೊಂಡಿತು. ಆಗ ಆ ತುದಿಯಿಂದ ಏನೋ ಎಳೆಯಿತು. ಅವನ ಕೈ ಅಲ್ಲಿಯವರೆಗೆ ಹಿಡಿದದ್ದೆಲ್ಲ ತಕ್ಕಡಿ, ಕರ್ಪೂರದ ಡಬ್ಬಿ, ವಿಭೂತಿಯ ಗಟ್ಟಿ. ಎಲ್ಲವೂ ಇಟ್ಟಲ್ಲಿ ಇರುವಂಥವು. ಕಣ್ಣಿಗೆ ಕಾಣದ ಕಡೆಯಿಂದ ಒಂದು ಜೀವ ತನ್ನನ್ನು ಹಿಡಿದೆಳೆಯುವುದು, ತಾನೂ ಬಿಡದೆ ಎಳೆಯುವುದು, ಇಂಥದ್ದೊಂದು ಇದೆಯೆಂದೇ ಅವನಿಗೆ ಗೊತ್ತಿರಲಿಲ್ಲ.

ಮುದುಕ ಬಂದು ನೋಡಿದಾಗ ಅಂಗೈ ಅಗಲದ ಗೆಂಡೆ ಮೀನು ಹುಲ್ಲಿನ ಮೇಲೆ ಒದ್ದಾಡುತ್ತಿತ್ತು. ಅದರ ಪಕ್ಕದಲ್ಲಿ ಮರಿಸ್ವಾಮಿ, ತಾನೇ ನೀರಿನಿಂದ ಎದ್ದು ಬಂದವನಂತೆ ಬೆವರಿ ಕೂತಿದ್ದ.

“ಅಯ್ಯೋ ಶಿವ್ನೆ, ನನ್ ಪಾಪಾನ ನಿಮ್ ಕೈಗೆ ಹಚ್ಬುಟ್ನಲ್ಲ ಸಾಮಿ!” ಎಂದು ಮುದುಕ ಪೇಚಾಡಿದ.

ಮರಿಸ್ವಾಮಿ ಕೇಳಿದ್ದು ಒಂದೇ: “ತಿರ್ಗಾ ಯಾವಾಗ ಕೂರ್ತೀಯಾ?”

ಮುದುಕನ ಹೆಸರು ದೊಡ್ಡಮುನಿಯಪ್ಪ. ಊರು ಕೂಟಗಲ್ಲಿನ ಪಕ್ಕದ್ದು. ಕೂಟಗಲ್ಲಿನ ಕೆರೆ ಬತ್ತಿದಾಗ ಅವನು ಕಣ್ವ ಜಲಾಶಯಕ್ಕೆ ಹೋಗಿ ಕೂರುತ್ತಿದ್ದ. ಕಣ್ವವಾದರೆ ಚನ್ನಪಟ್ಟಣದಿಂದ ಸೈಕಲ್ ತುಳಿಯುವಷ್ಟು ದೂರ. ಸೋಮವಾರ ಅಂಗಡಿಯಲ್ಲಿ ಉಸಿರಾಡಲು ಬಿಡುವಿಲ್ಲದಿದ್ದರೂ ಶನಿವಾರ ವ್ಯಾಪಾರ ಸಪ್ಪೆ. ‘ಶನಿವಾರ ಶನಿವಾರ ಕೆಂಗಲ್ ಆಂಜನೇಯನಿಗೆ ಹೋಗಿ ಬರ್ತೀನಿ, ಹರಕೆ ಇದೆ’ ಎಂದು ಮರಿಸ್ವಾಮಿ ಅಪ್ಪನಿಗೆ ಹೇಳಿದ. ಅವನು ಹುಟ್ಟಿದ ಮೇಲೆ ಆಡಿದ ಮೊದಲನೆಯ ಸುಳ್ಳು ಅದೇ ಇರಬೇಕು. ಅದೂ ಪೂರ್ತಿ ಸುಳ್ಳಾಗಬಾರದೆಂದು ಅವನು ಪ್ರತಿ ಸಲ ಕೆಂಗಲ್ಲಿನಲ್ಲಿ ಸೈಕಲ್ ನಿಲ್ಲಿಸಿ, ಹೊರಗಿನಿಂದಲೇ ಕೈ ಮುಗಿದು, ಮುಂದೆ ಹೋಗುತ್ತಿದ್ದ.

ದೊಡ್ಡಮುನಿಯಪ್ಪ ಅವನಿಗೆ ಎಲ್ಲವನ್ನೂ ಕಲಿಸಿದ. ದಾರಕ್ಕೆ ಸೀಸದ ಚೂರು ಎಲ್ಲಿ ಕಚ್ಚಿಸಬೇಕು, ಆಳ ನೋಡಿ ಬೆಂಡನ್ನು ಎಷ್ಟು ಮೇಲಕ್ಕೆ ಸರಿಸಬೇಕು, ಎರೆಹುಳವನ್ನು ಕೊಕ್ಕೆಯ ಮುಳ್ಳು ಕಾಣದಂತೆ ಹೇಗೆ ಏರಿಸಬೇಕು. ಹುಳ ಮುಟ್ಟಲು ಮೊದಮೊದಲು ಮರಿಸ್ವಾಮಿಗೆ ಹೇಸಿಗೆಯಾಯಿತು. ಮೀನನ್ನು ಕೊಲ್ಲುವ ಕೆಲಸವನ್ನಂತೂ ಅವನು ಕೊನೆಯವರೆಗೂ ಮಾಡಲಿಲ್ಲ. ಹಿಡಿದದ್ದನ್ನು ಮುದುಕನ ಬುಟ್ಟಿಗೆ ಹಾಕಿ ಮುಖ ತಿರುಗಿಸುತ್ತಿದ್ದ. ಮೀನಿನ ರುಚಿ ಹೇಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ, ತಿಳಿಯುವ ಆಸೆಯೂ ಇರಲಿಲ್ಲ.

“ಅಲ್ಲ ಸಾಮಿ, ತಿನ್ನಾಕಿಲ್ಲ, ಮಾರಾಕಿಲ್ಲ, ಮತ್ಯಾಕೆ ಹಿಡೀತೀರಿ?” ಎಂದು ದೊಡ್ಡಮುನಿಯಪ್ಪ ಒಮ್ಮೆ ಕೇಳಿದ.

ಮರಿಸ್ವಾಮಿ, “ಇಲ್ಲಿ ಯಾರೂ ನಂಗೆ ಹಿಂಗ್ ಮಾಡು ಅನ್ನಲ್ಲ,” ಎಂದ.

ಮುದುಕ ಬೀಡಿ ಹಚ್ಚಿಕೊಂಡ. ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ನಡುವೆ ಮರಿಸ್ವಾಮಿಗೆ ಮದುವೆಯಾಯಿತು. ಹೆಣ್ಣು ಮಾಗಡಿ ಕಡೆಯವಳು, ಬಸವಲಿಂಗಮ್ಮ. ಚುರುಕು ಕಣ್ಣಿನ, ಅಷ್ಟೇ ಚುರುಕು ನಾಲಗೆಯ ಹುಡುಗಿ. ಗಂಡ ಶನಿವಾರ ತಪ್ಪದೆ ದೇವರಿಗೆ ಹೋಗುತ್ತಾನೆಂದು ಅವಳಿಗೆ ಹೆಮ್ಮೆ. ‘ನಮ್ಮೋರು ಮಾತು ಕಮ್ಮಿ, ಭಕ್ತಿ ಜಾಸ್ತಿ’ ಎಂದು ತವರಿನಲ್ಲಿ ಹೇಳಿಕೊಂಡಳು.

ಕಣ್ವದ ಕೊರವ ಮೀನು ಎರೆಹುಳಕ್ಕೆ ಸೊಪ್ಪು ಹಾಕುತ್ತಿರಲಿಲ್ಲ. “ಅದ್ಕೆ ರೇಷ್ಮೆ ಹುಳ ಬೇಕು ಕಣ್ ಸಾಮಿ. ಗೂಡು ಬೇಯ್ಸಿ ನೂಲು ತಗ್ದ ಮ್ಯಾಲೆ ಒಳಗೆ ಉಳೀತದಲ್ಲ, ಆ ಹುಳ. ಆ ವಾಸ್ನೆಗೆ ಹುಚ್ಚೆದ್ದು ಬತ್ತದೆ,” ಎಂದ ದೊಡ್ಡಮುನಿಯಪ್ಪ. ಮರಿಸ್ವಾಮಿಗೆ ಕೂಡಲೇ ಸಾಬಿರಾಳ ನೆನಪಾಯಿತು. ಅವಳು ಗಂಡ ತೀರಿಕೊಂಡ ಹೆಂಗಸು. ತಾಯಿಯೊಡನೆ ಪೇಟೆಯ ಹಿಂದಿನ ಗಲ್ಲಿಯಲ್ಲಿದ್ದಳು. ನೂಲು ತೆಗೆಯುವ ಮನೆಯೊಂದರಲ್ಲಿ ದಿನವಿಡೀ ಬಿಸಿನೀರಿನ ಬಾಣಲೆಯ ಮುಂದೆ ಕೂತು ಕೂತು ಅವಳ ಬೆರಳೆಲ್ಲ ಬೆಂದು ಬೆಳ್ಳಗಾಗಿರುತ್ತಿದ್ದವು. ಗುರುವಾರ ಗುರುವಾರ ಅಂಗಡಿಗೆ ಬಂದು ಸಾಂಬ್ರಾಣಿ ಒಯ್ಯುತ್ತಿದ್ದಳು.

ಅವಳನ್ನು ಕೇಳುವ ಧೈರ್ಯ ಬರಲು ಮರಿಸ್ವಾಮಿಗೆ ಒಂದು ತಿಂಗಳು ಹಿಡಿಯಿತು. ಕೇಳಿದಾಗ ಸಾಬಿರಾ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕಳು.

“ಅಣ್ಣಾ, ಹುಳ ಎಷ್ಟ್ ಬೇಕಾದ್ರೂ ತಗೊಂಡೋಗಿ, ನಮ್ಮಲ್ಲಿ ರಾಶಿ ಬಿದ್ದಿರ್ತದೆ. ಆದ್ರೆ ಹಿಡಿದ ಮೀನು ಏನ್ಮಾಡ್ತೀರಿ?”

ಹೀಗೆ ಶುರುವಾಯಿತು ವ್ಯವಹಾರ. ಶನಿವಾರ ಹೋಗುವಾಗ ಸಾಬಿರಾಳ ಮನೆ ಬಾಗಿಲಲ್ಲಿ ಹುಳದ ಪೊಟ್ಟಣ ತೆಗೆದುಕೊಳ್ಳುವುದು, ಬರುವಾಗ ಅದೇ ಬಾಗಿಲಲ್ಲಿ ಒಂದೆರಡು ಮೀನು ಕೊಟ್ಟು ಬರುವುದು. ಮುದುಕಿ ತಾಯಿ ಒಳಗಿನಿಂದಲೇ ‘ಜೀತೇ ರಹೋ ಬೇಟಾ’ ಎಂದು ಹರಸುತ್ತಿದ್ದಳು.

ಚನ್ನಪಟ್ಟಣ ಅಂಥ ದೊಡ್ಡ ಊರೇನಲ್ಲ. ವಿಭೂತಿ ಅಂಗಡಿಯ ಮಗ ಚೀಲ ಹಿಡಿದುಕೊಂಡು ಶನಿವಾರ ತಪ್ಪದೆ ವಿಧವೆಯೊಬ್ಬಳ ಬಾಗಿಲಿಗೆ ಹೋಗುವುದನ್ನು ಒಬ್ಬರು ನೋಡಿದರು. ಅವರು ಇನ್ನೊಬ್ಬರಿಗೆ ಹೇಳಿದರು. ಮಾತು ಸುತ್ತಿ ಸುತ್ತಿ ಬಸವಲಿಂಗಮ್ಮನ ಕಿವಿಗೆ ಬೀಳುವ ಹೊತ್ತಿಗೆ ಅದಕ್ಕೆ ರೆಕ್ಕೆಪುಕ್ಕ ಎಲ್ಲ ಹುಟ್ಟಿಕೊಂಡಿತ್ತು. ಅವಳು ಅಳಲಿಲ್ಲ. ಯಾರಿಗೂ ಹೇಳಲಿಲ್ಲ. ಮುಂದಿನ ಶನಿವಾರ ಗಂಡ ಸೈಕಲ್ ಹತ್ತಿದ ಮೇಲೆ ಬಾಗಿಲಿಗೆ ಚಿಲಕ ಹಾಕಿ, ನೇರವಾಗಿ ಗಲ್ಲಿಗೆ ಹೋಗಿ ಸಾಬಿರಾಳ ಮುಂದೆ ನಿಂತಳು.

“ನನ್ ಗಂಡ ಎಲ್ಲವ್ರೆ?”

ಸಾಬಿರಾ ಅವಳ ಮುಖ ನೋಡಿದಳು. ಎಲ್ಲವೂ ಅರ್ಥವಾಯಿತು. ಕೋಪ ಬಂದರೂ ನುಂಗಿಕೊಂಡು, “ಅಕ್ಕಾ, ನಾನು ಹೇಳಿದ್ರೆ ನೀವು ನಂಬಲ್ಲ. ಕಣ್ವಕ್ಕೆ ಹೋಗುವ ಬಸ್ಸು ಈಗ ಬರ್ತದೆ. ಏರಿಯಿಂದ ಎಡಕ್ಕೆ ಬಂಡೆಗಳಿವೆ. ಹೋಗಿ ನಿಮ್ ಕಣ್ಣಿಂದ್ಲೇ ನೋಡಿ,” ಎಂದಳು.

ಅತ್ತ ಮರಿಸ್ವಾಮಿ ಬಂಡೆಯ ಪಕ್ಕದಲ್ಲಿ ಕಡ್ಡಿ ನೆಟ್ಟು ಕೂತಿದ್ದ. ದೊಡ್ಡಮುನಿಯಪ್ಪನಿಗೆ ಜ್ವರವೆಂದು ಅವನು ಬಂದಿರಲಿಲ್ಲ. ಬೆಂಡು ಬೆಳಗಿನಿಂದ ಆಟವಾಡಿಸುತ್ತಿತ್ತು. ಹಿಂದೆ ಬಳೆ ಸದ್ದಾಯಿತು. ಬಟ್ಟೆ ಒಗೆಯುವವರು ಯಾರೋ ಇರಬೇಕೆಂದು ತಿರುಗಿ ನೋಡದೆ ಕೈ ಎತ್ತಿ, “ಒಸಿ ತಡೀರಿ, ಅಲ್ಲೇ ನಿಂತ್ಕಳಿ,” ಎಂದ. ಬೆಂಡು ಮುಳುಗಿತು. ಎಳೆದ. ಮೊಳದುದ್ದದ ಕೊರವ ಬಿಸಿಲಿಗೆ ಮಿನುಗುತ್ತ ಮೇಲೆದ್ದು ಬಂತು. ಮರಿಸ್ವಾಮಿ ನಗುನಗುತ್ತ ಅದನ್ನು ಎರಡೂ ಕೈಯಲ್ಲಿ ಅವುಚಿಕೊಂಡು ತಿರುಗಿದ.

ಬಸವಲಿಂಗಮ್ಮ ನಿಂತಿದ್ದಳು.

ಗಂಡ ಹೆಂಡಿರಿಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೀನೊಂದೇ ಒದ್ದಾಡುತ್ತಿತ್ತು.

“ಎಲ್ಲಿ ಅವ್ಳು?” ಎಂದಳು ಬಸವಲಿಂಗಮ್ಮ, ಸುತ್ತ ನೋಡುತ್ತ. ಸಾಬಿರಾ ಅಲ್ಲದಿದ್ದರೆ ಇನ್ನೊಬ್ಬಳು ಯಾರೋ ಇರಲೇಬೇಕೆಂದು ಅವಳ ಲೆಕ್ಕ.

“ಯಾರು?”

ಅವಳು ಬಂಡೆಯ ಆಚೆ ಇಣುಕಿದಳು. ಪೊದೆಯ ಹಿಂದೆ ನೋಡಿದಳು. ಬಿದಿರು ಕಡ್ಡಿ, ಹುಳದ ಪೊಟ್ಟಣ, ಅವಳೇ ಬೆಳಗ್ಗೆ ಕಟ್ಟಿಕೊಟ್ಟಿದ್ದ ರೊಟ್ಟಿಯ ಗಂಟು ಬಿಟ್ಟರೆ ಅಲ್ಲಿ ಇನ್ನೇನೂ ಇರಲಿಲ್ಲ. ಅವಳು ಬಂಡೆಯ ಮೇಲೆ ಕೂತುಬಿಟ್ಟಳು. ಬಸ್ಸಿನಲ್ಲಿ ಬರುವಾಗ ಆಡಬೇಕಾದ ಮಾತನ್ನೆಲ್ಲ ಜೋಡಿಸಿಟ್ಟುಕೊಂಡಿದ್ದಳು. ಒಂದೂ ಉಪಯೋಗಕ್ಕೆ ಬರುವಂತಿರಲಿಲ್ಲ.

“ಹೆಂಗಸೇ ಆಗಿದ್ರೆ ಜುಟ್ಟು ಹಿಡ್ಕಂಡು ಜಗಳಾನಾದ್ರೂ ಆಡ್ತಿದ್ದೆ,” ಎಂದಳು ಕೊನೆಗೆ. “ಇದ್ರ ಜತೆ ಏನಂತ ಆಡ್ಲಿ? ಎದೆ ಮೇಲೆ ಲಿಂಗ ಕಟ್ಕಂಡು, ಕೈಯಾಗೆ ಇದನ್ನ ಹಿಡ್ಕಂಡು… ಮೊದ್ಲು ಅದನ್ನ ಬುಡಿ. ಬುಡಿ ಅಂದ್ನಲ್ಲ!”

ಮರಿಸ್ವಾಮಿ ಮೀನನ್ನು ನೀರಿಗೆ ಬಿಟ್ಟ. ಅವಳ ಮುಂದೆ ನಿಂತ. ತಲೆ ತಗ್ಗಿಸಿದ. ಆ ನಗು ಮುಖದಿಂದ ಮಾಯವಾದದ್ದನ್ನು ಬಸವಲಿಂಗಮ್ಮ ನೋಡಿದಳು. ನೋಡಿದ್ದನ್ನು ಆಗ ಹೇಳಲಿಲ್ಲ.

ಮನೆಯಲ್ಲಿ ಅವಳು ಬಾಯಿ ಬಿಡಲಿಲ್ಲ. ಹಿತ್ತಿಲಲ್ಲಿ ನೀರು ಕಾಯಿಸಿ, ಸೀಗೆಪುಡಿ ಕೊಟ್ಟು, ಗಂಡನ ಕೈಯನ್ನು ಉಗುರು ಸವೆಯುವಷ್ಟು ತಿಕ್ಕಿಸಿದಳು. ಮರುದಿನ ಒಬ್ಬಟ್ಟು ಮಾಡಿ, ಒಂದು ಡಬ್ಬಿಗೆ ಹಾಕಿಕೊಂಡು ಸಾಬಿರಾಳ ಮನೆಗೆ ಹೋದಳು. ಬಾಗಿಲಲ್ಲೇ ನಿಂತು, “ತಪ್ ತಿಳ್ಕಂಡಿದ್ದೆ,” ಎಂದಳು.

ಸಾಬಿರಾ ಡಬ್ಬಿ ತೆಗೆದುಕೊಳ್ಳದೆ, “ಅಕ್ಕಾ, ನೀವು ತಪ್ಪು ತಿಳ್ಕೊಂಡಿದ್ದು ನಂಗೆ ನೋವಾಗ್ಲಿಲ್ಲ. ಈ ಗಲ್ಲಿಯವ್ರು ತಿಳ್ಕೊಂಡ್ರಲ್ಲ, ಅವ್ರ ಮುಂದೆ ದಿನಾ ತಲೆ ಎತ್ಕೊಂಡು ಓಡಾಡ್ಬೇಕಾದೋಳು ನಾನು,” ಎಂದಳು. ಬಸವಲಿಂಗಮ್ಮ ಹೊಸ್ತಿಲು ದಾಟಿ ಒಳಗೆ ಹೋಗಿ ಚಾಪೆಯ ಮೇಲೆ ಕೂತಳು. ಗಲ್ಲಿಯವರೆಲ್ಲ ನೋಡಲೆಂದು ಬಾಗಿಲು ತೆರೆದೇ ಇಟ್ಟು, ಚಹಾ ಕುಡಿದು, ಸಾಕಷ್ಟು ಹೊತ್ತು ಮಾತಾಡಿ ಎದ್ದುಬಂದಳು. ಆ ಮೇಲೆ ಆ ಗಲ್ಲಿಯಲ್ಲಿ ಆ ಮಾತು ಸತ್ತುಹೋಯಿತು.

ಆದರೆ ಮೀನಿನ ಮಾತು ಸಾಯಲಿಲ್ಲ. ಕಣ್ವದ ಬಸ್ಸಿನಲ್ಲಿದ್ದವರು ಯಾರೋ ಏರಿಯ ಮೇಲಿಂದ ಎಲ್ಲವನ್ನೂ ನೋಡಿದ್ದರು. ಒಂದು ಸೋಮವಾರ ಮುಂಜಾನೆ ಗಿರಾಕಿಯೊಬ್ಬರು ವಿಭೂತಿ ಗಟ್ಟಿಯನ್ನು ಮರಿಸ್ವಾಮಿಯ ಕೈಯಿಂದ ತೆಗೆದುಕೊಳ್ಳದೆ, “ನೀವೇ ಕೊಡಿ ಬುದ್ಧಿ,” ಎಂದು ವೀರಭದ್ರಯ್ಯನವರ ಕಡೆ ತಿರುಗಿದರು. ವೀರಭದ್ರಯ್ಯ ಕೊಟ್ಟರು. ಗಿರಾಕಿ ಹೋದ ಮೇಲೆ ಅಂಗಡಿಯ ಬಾಗಿಲು ಹಾಕಿಕೊಂಡರು.

“ನಿಜವೇನೋ?”

“ಹೂಂ ಅಪ್ಪಾಜಿ.”

ಹೊಡೆಯುತ್ತಾರೆಂದು ಮರಿಸ್ವಾಮಿ ಕಾದ. ಅವರು ಹೊಡೆಯಲಿಲ್ಲ. ಶಿವನ ಪಟದ ಕೆಳಗೆ ಕೂತು, ಮುಖವನ್ನು ಅಂಗವಸ್ತ್ರದಲ್ಲಿ ಮುಚ್ಚಿಕೊಂಡರು. ಅಪ್ಪ ಅತ್ತದ್ದನ್ನು ಮರಿಸ್ವಾಮಿ ಅಲ್ಲಿಯವರೆಗೆ ಕಂಡಿರಲಿಲ್ಲ. ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದನೋ ಏನೋ. ಆ ವಾರವೇ ಮಠಕ್ಕೆ ಹೋಗಿ, ಮಿಂದು ಮಡಿಯುಟ್ಟು, ಅಯ್ಯನವರ ಮುಂದೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಮಾತು ಕೊಟ್ಟ: ಇನ್ನು ಈ ಕೈಯಿಂದ ಯಾವ ಜೀವಕ್ಕೂ ನೋವಾಗದು. ಅಯ್ಯನವರು ಒಳ್ಳೆಯವರು. ಹಣೆಗೆ ವಿಭೂತಿ ಹಚ್ಚಿ, “ಎದ್ದೇಳಪ್ಪಾ, ಮುಗೀತು,” ಎಂದರು.

ಮುಗಿಯಿತು. ಮರಿಸ್ವಾಮಿ ಮತ್ತೆ ಬೀದಿಗೆ ಮಾದರಿಯಾದ. ಶನಿವಾರವೂ ಅಂಗಡಿಯಲ್ಲೇ ಕೂತ. ವರ್ಷಗಳು ಉರುಳಿದವು. ಒಬ್ಬಳು ಮಗಳು ಹುಟ್ಟಿ, ಬೆಳೆದು, ಕನಕಪುರಕ್ಕೆ ಸೊಸೆಯಾಗಿ ಹೋದಳು. ಮರಿಸ್ವಾಮಿಯ ಮಾತು ಮೊದಲೇ ಕಮ್ಮಿ; ಈಗ ಇನ್ನೂ ಕಮ್ಮಿಯಾಯಿತು. ಅವನಿಗೆ ಯಾವುದರ ಮೇಲೂ ಸಿಟ್ಟಿರಲಿಲ್ಲ, ಯಾವುದರಲ್ಲೂ ರುಚಿಯಿರಲಿಲ್ಲ. ಸಾರಿಗೆ ಉಪ್ಪು ಮರೆತರೂ ಉಂಡು ಏಳುತ್ತಿದ್ದ. ‘ಉಪ್ಪಿಲ್ಲ ಅಂತ ಒಂದ್ಸಲ ಬೈಯೀರಾದ್ರೂ’ ಎಂದು ಬಸವಲಿಂಗಮ್ಮ ಎಷ್ಟೋ ಸಲ ರೇಗಿದ್ದಳು.

ಆ ನಡುವೆ ದೊಡ್ಡಮುನಿಯಪ್ಪ ತೀರಿಕೊಂಡ ಸುದ್ದಿ ಬಂತು. ಮರಿಸ್ವಾಮಿ ಯಾರಿಗೂ ಹೇಳದೆ ಹೋಗಿ, ಅವನ ಮನೆಯ ಜಗಲಿಯ ಮೇಲೆ ಸಂಜೆಯವರೆಗೆ ಕೂತ. ಏಳುವಾಗ ಮುದುಕನ ಮಗ ಒಂದು ಬಿದಿರು ಕಡ್ಡಿಯನ್ನು ತಂದು ಮುಂದೆ ಹಿಡಿದ. “ನಮ್ಮಪ್ಪ ಇದನ್ನ ಸಾಮೇರಿಗೇ ಕೊಡು ಅಂದಿತ್ತು,” ಎಂದ. ಬೇಡವೆನ್ನಲು ಬಾಯಿ ಬರಲಿಲ್ಲ. ದಾರ, ಕೊಕ್ಕೆ ಬಿಚ್ಚಿ ಅವನಿಗೇ ಕೊಟ್ಟು, ಬರಿಯ ಕಡ್ಡಿಯನ್ನು ಮನೆಗೆ ತಂದ. “ಬಟ್ಟೆ ಒಣಗಾಕಾಕೆ ಒಂದು ಗಳು ಬೇಕಿತ್ತಲ್ಲ,” ಎಂದು ಬಸವಲಿಂಗಮ್ಮನಿಗೆ ಹೇಳಿದ. ನಡುಮನೆಯಲ್ಲಿ ಹಗ್ಗ ಕಟ್ಟಿ ಅದನ್ನು ತೂಗುಬಿಟ್ಟರು. ಮಳೆಗಾಲದಲ್ಲಿ ಅದರ ಮೇಲೆ ಒದ್ದೆ ಸೀರೆಗಳು, ಪಂಚೆಗಳು ಒಣಗಿದವು. ಮಾಗಿದ ಹಳದಿ ಬಣ್ಣ, ಹಿಡಿಯ ಕಡೆ ಬೆರಳು ಸವೆದ ನುಣುಪು, ತುದಿಯಲ್ಲಿ ದಾರ ಕಟ್ಟಿದ್ದ ಕಚ್ಚು. ಬಟ್ಟೆ ಹರವುವಾಗ ಬಸವಲಿಂಗಮ್ಮನ ಬೆರಳಿಗೆ ಅದು ದಿನವೂ ತಾಗುತ್ತಿತ್ತು.

ವೀರಭದ್ರಯ್ಯನವರು ತುಂಬು ವಯಸ್ಸಿನಲ್ಲಿ, ಪೂಜೆಗೆ ಕೂತಿದ್ದಾಗಲೇ ಹೋದರು. ಶಿವಗಣಾರಾಧನೆಯೆಲ್ಲ ಮುಗಿದು, ನೆಂಟರು ಚದುರಿದ ಮೇಲೆ, ಒಂದು ಶನಿವಾರ ಬೆಳಗ್ಗೆ ಬಸವಲಿಂಗಮ್ಮ ಗಳುವಿನ ಮೇಲಿದ್ದ ಬಟ್ಟೆಗಳನ್ನೆಲ್ಲ ಎಳೆದು ಮಡಚಿಟ್ಟಳು. ಹಗ್ಗ ಬಿಚ್ಚಿ ಕಡ್ಡಿಯನ್ನು ಇಳಿಸಿ ಗಂಡನ ಮುಂದೆ ಇಟ್ಟಳು.

“ಇದು ಬಟ್ಟೆ ಒಣಗಾಕೋ ಗಳು ಅಲ್ಲ ಅಂತ ನಂಗೊತ್ತು.”

ಮರಿಸ್ವಾಮಿ ತುದಿಯ ಕಚ್ಚನ್ನು ಬೆರಳಿನಿಂದ ಸವರಿದ.

“ಮಾವ ಇರೋ ಗಂಟ ಸುಮ್ಕಿದ್ದೆ. ಅವತ್ತು ಆ ದಂಡೆ ಮೇಲೆ ನೀವು ತಿರುಗಿದ್ರಲ್ಲ, ಆ ಮೊಕ ನೋಡ್ದೆ. ನಮ್ ಮದ್ವೇಲೂ ಹಂಗಿರ್ನಿಲ್ಲ ನೀವು, ಮಗಳು ಹುಟ್ಟಿದಾಗ್ಲೂ ಹಂಗಿರ್ನಿಲ್ಲ. ಇಷ್ಟು ವರ್ಸ ನಂಗೆ ಅದೇ ಸಂಕ್ಟ. ಆ ಮೊಕಾನ ನಾನೇ ಕಿತ್ಕಂಡ್ಬುಟ್ನಲ್ಲ ಅಂತ.”

“ನೀನಲ್ಲ ಕಣೆ. ಲಿಂಗ ಹಿಡ್ದು ಮಾತು ಕೊಟ್ಟಿದೀನಿ. ಜೀವಕ್ಕೆ ನೋವು ಮಾಡಲ್ಲ ಅಂತ.”

“ನೋವು ಮಾಡ್ಬ್ಯಾಡಿ. ಮುಳ್ಳು ಕಟ್ಬ್ಯಾಡಿ. ಬರೀ ತಿಂಡಿ ಕಟ್ಟಿ ಬುಡಿ.”

ಮರಿಸ್ವಾಮಿಗೆ ನಗು ಬಂತು. ಎಷ್ಟೋ ಕಾಲದ ಮೇಲೆ ಬಂದ ನಗು; ಆದರೆ ಕಹಿಯಾಗಿತ್ತು. “ಮುಳ್ಳಿಲ್ದೆ ಗಾಳಾನಾ? ಯಾರಾದ್ರೂ ಕಂಡ್ರೆ ತಲೆ ಕೆಟ್ಟೈತೆ ಅಂದಾರು.”

“ಅನ್ಲಿ. ಒಳ್ಳೇವ್ನು ಒಳ್ಳೇವ್ನು ಅಂತ ಅನ್ನಿಸ್ಕಂಡು ಏನ್ ಸುಖ ಕಂಡ್ರಿ?”

ಮರಿಸ್ವಾಮಿ ಕಡ್ಡಿಯನ್ನು ಕೈಗೆತ್ತಿಕೊಂಡ.

ಇಬ್ಬರೂ ಬಸ್ಸಿನಲ್ಲಿ ಕಣ್ವಕ್ಕೆ ಹೋದರು. ಬಸವಲಿಂಗಮ್ಮ ರಾಗಿಮುದ್ದೆಯ ಉಂಡೆಗಳನ್ನು ತೆಳ್ಳನೆ ಬಟ್ಟೆಯಲ್ಲಿ ಕಟ್ಟಿಕೊಂಡು ಬಂದಿದ್ದಳು. ಏಡಿ ಹಿಡಿಯುವವರು ಮುಳ್ಳಿಲ್ಲದೆ ಬರೀ ತಿಂಡಿಯನ್ನು ದಾರಕ್ಕೆ ಕಟ್ಟಿ ಇಳಿಬಿಡುವುದನ್ನು ಮರಿಸ್ವಾಮಿ ನೋಡಿದ್ದ. ಹಾಗೆಯೇ ಒಂದು ಉಂಡೆಯನ್ನು ಬಟ್ಟೆಸಮೇತ ಬಿಗಿದು, ಬೆಂಡು ಕಟ್ಟಿ, ಕಡ್ಡಿಯನ್ನು ಕೆಸರಿಗೆ ನೆಟ್ಟ. ಮನಸ್ಸಿರಲಿಲ್ಲ. ಹೆಂಡತಿಯ ಮಾತಿಗೆ ಬೆಲೆ ಕೊಟ್ಟು ಮಾಡಿದ್ದು ಅಷ್ಟೆ. ಬಂಡೆಗೆ ಒರಗಿ ಬೇರೆಲ್ಲೋ ನೋಡುತ್ತ ಕೂತ.

ಬೆಂಡು ಮೊದಲು ಕಂಡದ್ದು ಬಸವಲಿಂಗಮ್ಮನಿಗೆ. “ರೀ, ಅಲ್ಲಾಡ್ತು!”

“ಮೂಸಿ ನೋಡ್ತೈತೆ. ಸುಮ್ಕಿರು,” ಎಂದ ಮರಿಸ್ವಾಮಿ. ಅಂದವನು ತಾನೇ ಮುಂದಕ್ಕೆ ಜರುಗಿದ. ಬೆಂಡು ಓರೆಯಾಗಿ ಓಡಿ ಮುಳುಗಿತು. ಕಡ್ಡಿ ಎತ್ತಿದ. ಬಟ್ಟೆ ಕಚ್ಚಿದ್ದ ಮೀನು ಬಿಡಲೊಲ್ಲದೆ ಎಳೆಯಿತು. ಒಂದು ಕಡೆ ಅದು, ಒಂದು ಕಡೆ ಇವನು. ಬೆನ್ನು ನೀರಿನ ಮೇಲೆ ಒಮ್ಮೆ ಹೊಳೆಯಿತು. ಆಮೇಲೆ ಮುದ್ದೆಯನ್ನು ಕಿತ್ತುಕೊಂಡು ಹೋಯಿತು. ಖಾಲಿ ಬಟ್ಟೆ ದಾರದಲ್ಲಿ ನೇತಾಡಿತು.

ಬಸವಲಿಂಗಮ್ಮ ಗಂಡನ ಮುಖವನ್ನೇ ನೋಡುತ್ತಿದ್ದಳು. “ಹೆಂಗೆ?”

ಮರಿಸ್ವಾಮಿ ಸುಳ್ಳು ಹೇಳಲಿಲ್ಲ. “ಅರ್ಧ,” ಎಂದ. “ಪೂರ್ತಿ ಅಲ್ಲ. ಮೇಲಕ್ಕೆ ಬರ್ಬೇಕಿತ್ತು.”

“ಅರ್ಧ ಆದ್ರೂ ಆಯ್ತಲ್ಲ,” ಎಂದು ಅವಳು ಇನ್ನೊಂದು ಉಂಡೆಯನ್ನು ಮುಂದಿಟ್ಟಳು.

ಆ ಅರ್ಧ ಮುಂದೆ ಎಂದೂ ಪೂರ್ತಿಯಾಗಲಿಲ್ಲ. ಮರಿಸ್ವಾಮಿಗೆ ಅದು ಗೊತ್ತಿತ್ತು, ಆಗಾಗ ಕಾಡುತ್ತಲೂ ಇತ್ತು. ಪಕ್ಕದಲ್ಲಿ ಯಾರಾದರೂ ಕೊರವ ಎಳೆದಾಗ ಅವನ ಕೈ ತಾನಾಗಿ ಬಿಗಿಯುತ್ತಿತ್ತು. ಆದರೆ ಶನಿವಾರ ತಪ್ಪಲಿಲ್ಲ. ಈಗ ಯಾವ ಸುಳ್ಳೂ ಬೇಕಿರಲಿಲ್ಲ; ಅಂಗಡಿಯ ಬಾಗಿಲಿಗೆ ಬೀಗ ಹಾಕಿ, ಹೆಂಡತಿಯನ್ನು ಕರೆದುಕೊಂಡು ಹಾಡುಹಗಲೇ ಹೊರಡುತ್ತಿದ್ದ. ಪೇಟೆಯಲ್ಲಿ ಒಂದಷ್ಟು ದಿನ ನಕ್ಕರು, ಆಮೇಲೆ 'ಅವರದ್ದು ಅದೊಂದು ಥರ' ಎಂದು ಸುಮ್ಮನಾದರು. ಗಿರಾಕಿಗಳು ಕಮ್ಮಿಯಾಗಲಿಲ್ಲ. ಮರಿಸ್ವಾಮಿ ಸಾರಿಗೆ ಉಪ್ಪು ಸಾಲದಿದ್ದರೆ ಸಾಲದೆನ್ನತೊಡಗಿದ. ಒಮ್ಮೊಮ್ಮೆ ಸಾಬಿರಾಳೂ ಅವರ ಜೊತೆ ಹೊರಡುತ್ತಿದ್ದಳು. ನೂಲು ತೆಗೆಯುವ ಕೆಲಸ ಬಿಟ್ಟು ಅಕ್ಕನ ಮಗನ ಮನೆಯಲ್ಲಿದ್ದಳು ಆಗ. ಹೆಂಗಸರಿಬ್ಬರೂ ಬಂಡೆಯ ನೆರಳಲ್ಲಿ ಎಲೆಯಡಿಕೆ ಹಾಕಿಕೊಂಡು ಎಷ್ಟು ಜೋರಾಗಿ ಹರಟುತ್ತಿದ್ದರೆಂದರೆ, “ಒಸಿ ಮೆಲ್ಲಗೆ ಮಾತಾಡ್ರಮ್ಮ, ಮೀನು ಹತ್ರ ಬರಾಕಿಲ್ಲ,” ಎಂದು ಮರಿಸ್ವಾಮಿ ಗದರಬೇಕಾಗುತ್ತಿತ್ತು.

ಒಂದು ಶನಿವಾರ ಮಧ್ಯಾಹ್ನ ರಾಮನಗರದ ಕಡೆಯವನೊಬ್ಬ ಮೋಟಾರ್ ಬೈಕ್ ನಿಲ್ಲಿಸಿ ಇಳಿದು ಬಂದ. ಕೈಯಲ್ಲಿ ಹೊಸ ಮಾದರಿಯ, ಗಿರಗಿರ ತಿರುಗಿಸುವ ಗಾಳವಿತ್ತು. ಮರಿಸ್ವಾಮಿಯ ಬಿದಿರು ಕಡ್ಡಿಯನ್ನೂ ಪಕ್ಕದ ಖಾಲಿ ನೆಲವನ್ನೂ ನೋಡಿ, “ಏನ್ ಯಜಮಾನ್ರೇ, ಬೆಳಗ್ಗಿಂದ ಎಷ್ಟು ಬಿದ್ವು?” ಎಂದು ಕೇಳಿದ.

ಮರಿಸ್ವಾಮಿ ಬೆಂಡಿನಿಂದ ಕಣ್ಣು ತೆಗೆಯಲಿಲ್ಲ. ಉತ್ತರ ಕೊಟ್ಟವಳು ಬಸವಲಿಂಗಮ್ಮ. ಮುಂದಿನ ಉಂಡೆಗೆ ಬಟ್ಟೆ ಸುತ್ತುತ್ತ, “ಬೀಳೋದೆಲ್ಲಿ ಬಂತಪ್ಪ. ನಮ್ದು ದಾಸೋಹ. ನಾಕೈದು ಜನ ಬಂದು ಉಂಡ್ಕಂಡು ಹೋದ್ರು. ಇನ್ನೂ ಬರೋರವ್ರೆ, ಒಸಿ ಆ ಕಡೀಕೆ ನಿಂತ್ಕೊ,” ಎಂದಳು.